ತಂಡ ಕಟ್ಟುವವರು, ಗಡಿಯಾರ ಮರೆಯುವವರು



ಗೆದ್ದೇ ಬಿಟ್ಟಿದ್ದ ಪಂದ್ಯವನ್ನು ಅರ್ಧ ನಿಮಿಷದಲ್ಲಿ ಸೋತ ತಂಡವೊಂದರ ಕಥೆ ಇದು. ಕಥೆ ನಡೆದದ್ದು ಅಮೆರಿಕದಲ್ಲಿ, ಅಲ್ಲಿನ ಕಾಲೇಜು ಫುಟ್‌ಬಾಲ್ ಅಂಗಳದಲ್ಲಿ. ಅಷ್ಟು ದೂರದ ಆಟ ನಮಗೇಕೆ ಎಂದು ನೀವು ಕೇಳಬಹುದು. ಕೊನೆಯವರೆಗೂ ನನ್ನೊಡನೆ ಇದ್ದರೆ, ಅದು ನಿಮ್ಮ ಪರೀಕ್ಷಾ ಕೊಠಡಿಗೂ ನನ್ನ ಸ್ಟುಡಿಯೊಗೂ ಎಷ್ಟು ಹತ್ತಿರದ್ದು ಎಂಬುದು ನಿಮಗೇ ತಿಳಿಯುತ್ತದೆ.

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಕಾಲಿನಿಂದ ಒದೆಯುವ ಫುಟ್‌ಬಾಲನ್ನಲ್ಲ. ಎರಡು ತುದಿಗಳೂ ಚೂಪಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟವದು. ಒಂದೊಂದು ಕಡೆ 11 ಮಂದಿ. 100 ಗಜ ಉದ್ದದ ಅಂಗಳ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 4 ಅವಕಾಶಗಳು. ಅಷ್ಟರಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ 4 ಅವಕಾಶ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ತುದಿಗೆರೆಯನ್ನು ದಾಟಿದರೆ ಟಚ್‌ಡೌನ್, ಅಂದರೆ 6 ಅಂಕ. ದೂರದಿಂದಲೇ ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಫೀಲ್ಡ್ ಗೋಲ್, ಅಂದರೆ 3 ಅಂಕ. ಇಷ್ಟು ತಿಳಿದರೆ ಸಾಕು.

ಇನ್ನು ಬಹಳ ಮುಖ್ಯವಾದ ಗಡಿಯಾರದ ಮಾತು. ಆಟ ಒಟ್ಟು 60 ನಿಮಿಷ. ಆದರೆ ಗಡಿಯಾರ ಸದಾ ಓಡುತ್ತಿರುವುದಿಲ್ಲ. ಎಸೆದ ಚೆಂಡನ್ನು ಯಾರೂ ಹಿಡಿಯದೆ ಅದು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಚೆಂಡು ಹಿಡಿದವನು ಅಂಗಳದೊಳಗೇ ನೆಲಕ್ಕುರುಳಿದರೆ ಸಾಮಾನ್ಯವಾಗಿ ಅದು ಓಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಪ್ರತಿ ತಂಡಕ್ಕೂ ಪ್ರತಿ ಅರ್ಧದಲ್ಲಿ 3 ಟೈಮ್‌ಔಟ್‌ಗಳಿವೆ. ಒಂದು ಆಟದುಂಡು ಮುಗಿದ ಮೇಲೆ ಮುಂದಿನದನ್ನು ಆರಂಭಿಸಲು 40 ಸೆಕೆಂಡುಗಳ ಕಾಲಾವಕಾಶ ಸಿಗುತ್ತದೆ. ಈ 40 ಎಂಬ ಸಂಖ್ಯೆಯನ್ನು ನೆನಪಿಡಿ.

ಈಗ ಕಥೆಗೆ ಬರೋಣ. 2023ರ ಅಕ್ಟೋಬರ್ 7, ಶನಿವಾರ. ಮಯಾಮಿ ವಿಶ್ವವಿದ್ಯಾಲಯದ ತಂಡ ತನ್ನ ತವರಿನ ಹಾರ್ಡ್ ರಾಕ್ ಕ್ರೀಡಾಂಗಣದಲ್ಲಿ ಜಾರ್ಜಿಯ ಟೆಕ್ ತಂಡವನ್ನು ಎದುರಿಸಿತ್ತು. ಆ ವರ್ಷ ಅಲ್ಲಿಯವರೆಗೆ ಆಡಿದ 4 ಪಂದ್ಯಗಳನ್ನೂ ಮಯಾಮಿ ಗೆದ್ದಿತ್ತು. ಈ ಪಂದ್ಯದಲ್ಲೂ 20–17ರಿಂದ ಮುಂದಿತ್ತು. ಚೆಂಡು ಮಯಾಮಿಯ ಕೈಯಲ್ಲೇ ಇತ್ತು. ಉಳಿದಿದ್ದದ್ದು ಸುಮಾರು 33 ಸೆಕೆಂಡು. ಜಾರ್ಜಿಯ ಟೆಕ್ ತನ್ನ ಟೈಮ್‌ಔಟ್‌ಗಳನ್ನೆಲ್ಲ ಬಳಸಿ ಮುಗಿಸಿತ್ತು.

ಇಲ್ಲಿ ಲೆಕ್ಕ ಮಾಡಿ. ಚೆಂಡು ಹಿಡಿದ ಆಟಗಾರ ಸುಮ್ಮನೆ ಒಂದು ಮಂಡಿಯೂರಿ ಕುಳಿತರೆ ಆ ಆಟದುಂಡು ಮುಗಿಯುತ್ತದೆ, ಗಡಿಯಾರ ಓಡುತ್ತದೆ. ಮುಂದಿನದನ್ನು ಆರಂಭಿಸಲು 40 ಸೆಕೆಂಡು ಅವಕಾಶ. ಪಂದ್ಯದಲ್ಲಿ ಉಳಿದಿರುವುದೇ 33. ನಲವತ್ತರಲ್ಲಿ ಮೂವತ್ತಮೂರು ಕಳೆದುಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಂದೇ ಒಂದು ಸಲ ಮಂಡಿಯೂರಿದ್ದರೆ ಪಂದ್ಯ ಮುಗಿದು ಹೋಗುತ್ತಿತ್ತು. ಮೂರನೆಯ ತರಗತಿಯ ಮಗು ಮಾಡುವ ವ್ಯವಕಲನ ಇದು.

ಮಯಾಮಿ ಮಂಡಿಯೂರಲಿಲ್ಲ. ಚೆಂಡನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಓಡಿಸಿದರು. ಎದುರಾಳಿಗಳು ಅವನ ಮೇಲೆ ಮುಗಿಬಿದ್ದರು. ಚೆಂಡು ಕೈಜಾರಿತು. ಜಾರ್ಜಿಯ ಟೆಕ್ ಅದನ್ನು ವಶಪಡಿಸಿಕೊಂಡಿತು. ಆಗ ಉಳಿದಿದ್ದದ್ದು 26 ಸೆಕೆಂಡು, ಸಾಗಬೇಕಾದ ದೂರ 74 ಗಜ. 4 ಪ್ರಯತ್ನಗಳಲ್ಲಿ ಅವರು ಆ ದೂರವನ್ನು ದಾಟಿದರು. ಕೊನೆಯದು 44 ಗಜಗಳ ಎಸೆತ. ಅದು ಟಚ್‌ಡೌನ್ ಆದಾಗ ಗಡಿಯಾರದಲ್ಲಿ ಒಂದೇ ಸೆಕೆಂಡು ಉಳಿದಿತ್ತು. ಅಂತಿಮ ಅಂಕ 23–20. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚೆಂಡು ಕೈಬಿಟ್ಟ ಆ ಹುಡುಗನ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ನಾನದನ್ನು ಇಲ್ಲಿ ಹೇಳುವುದಿಲ್ಲ. ಅವನು ನಿಮಗಿಂತ ಕೆಲವೇ ವರ್ಷ ದೊಡ್ಡವನಿದ್ದಾನು. ಓಡು ಎಂದರು, ಓಡಿದ. ಆ ಚೆಂಡು ಅವನ ಕೈಗೆ ಬರಲೇಬಾರದಿತ್ತು. ತಪ್ಪು ಲೆಕ್ಕದ್ದು, ಲೆಕ್ಕ ಮಾಡಬೇಕಾದವರು ಅಂಗಳದ ಅಂಚಿನಲ್ಲಿ ನಿಂತಿದ್ದರು. ಪಂದ್ಯ ಮುಗಿದ ಮೇಲೆ ತರಬೇತುದಾರ ಮಾರಿಯೊ ಕ್ರಿಸ್ಟೊಬಾಲ್ ಅವರೇ ಮಂಡಿಯೂರಿಸಬೇಕಿತ್ತೆಂದು ಒಪ್ಪಿಕೊಂಡು ಹೊಣೆ ಹೊತ್ತರು. ಅದು ಅವರ ದೊಡ್ಡತನ. ಆದರೆ ನಾವೊಂದು ಪ್ರಶ್ನೆ ಕೇಳಲೇಬೇಕು. ಇಷ್ಟು ಅನುಭವಿಯಾದವರಿಗೆ ಇಷ್ಟು ಸಣ್ಣ ಲೆಕ್ಕ ಹೇಗೆ ತಪ್ಪಿತು?

ಕ್ರಿಸ್ಟೊಬಾಲ್ ಸಾಮಾನ್ಯ ವ್ಯಕ್ತಿಯಲ್ಲ. ಮಯಾಮಿಯಲ್ಲಿ ನೆಲೆಸಿದ ಕ್ಯೂಬ ಮೂಲದ ಕುಟುಂಬದಲ್ಲಿ ಹುಟ್ಟಿದವರು. 1989 ಮತ್ತು 1991ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮಯಾಮಿ ತಂಡಗಳಲ್ಲಿ ಸ್ವತಃ ಆಡಿದವರು. ಪ್ರತಿಭಾವಂತ ಹುಡುಗರನ್ನು ಹುಡುಕಿ, ಒಲಿಸಿ, ತಂಡಕ್ಕೆ ಸೇರಿಸಿಕೊಳ್ಳುವುದರಲ್ಲಿ ಅವರಿಗೆ ಸರಿಸಾಟಿಯಾದವರು ಆ ದೇಶದಲ್ಲಿ ಕೆಲವರೇ. ಮಯಾಮಿಗೆ ಬರುವ ಮೊದಲು ಅವರು ಆರೆಗಾನ್ ವಿಶ್ವವಿದ್ಯಾಲಯದ ತಂಡವನ್ನು ನಡೆಸುತ್ತಿದ್ದರು. ಅಲ್ಲಿಯೂ 2018ರ ಸೆಪ್ಟೆಂಬರ್ 22ರಂದು ಸ್ಟ್ಯಾನ್‌ಫರ್ಡ್ ವಿರುದ್ಧ ಇಂಥದೇ ಘಟನೆ ನಡೆದಿತ್ತು. 31–28ರ ಮುನ್ನಡೆ, ಒಂದು ನಿಮಿಷಕ್ಕಿಂತ ಕಡಿಮೆ ಸಮಯ, ಓಡಲು ಚೆಂಡು ಕೊಟ್ಟದ್ದು, ಕೈಜಾರಿದ್ದು. ಸ್ಟ್ಯಾನ್‌ಫರ್ಡ್ ಅಂಕ ಸಮ ಮಾಡಿ, ಹೆಚ್ಚುವರಿ ಆಟದಲ್ಲಿ 38–31ರಿಂದ ಗೆದ್ದಿತು. ಅಂದಿನ ಲೆಕ್ಕ ಮಯಾಮಿಯದಷ್ಟು ಸರಳವಾಗಿರಲಿಲ್ಲ ಎಂಬುದು ನಿಜ. ಆದರೂ ಎಚ್ಚರಿಕೆಯ ಗಂಟೆ ಐದು ವರ್ಷ ಮೊದಲೇ ಬಾರಿಸಿತ್ತು.

ಇಲ್ಲಿ ಅಮೆರಿಕದ ಕಾಲೇಜು ತರಬೇತುದಾರನ ಕೆಲಸವೇನೆಂದು ಸ್ವಲ್ಪ ತಿಳಿಯೋಣ. ವೃತ್ತಿಪರ ಲೀಗಿನಲ್ಲಿ ಹೊಸ ಆಟಗಾರರನ್ನು ಸರದಿಯ ಪ್ರಕಾರ ಹಂಚುತ್ತಾರೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಕಾಲೇಜಿನಲ್ಲಿ ಹಾಗಿಲ್ಲ. ಪ್ರೌಢಶಾಲೆ ಮುಗಿಸುವ ಹುಡುಗ ತಾನು ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದು ತಾನೇ ನಿರ್ಧರಿಸುತ್ತಾನೆ. ಆದ್ದರಿಂದ ತರಬೇತುದಾರ ಊರೂರು ಅಲೆಯಬೇಕು. ಶಾಲೆಯ ಕೋಚ್ ಜೊತೆ ಮಾತಾಡಬೇಕು, ಹುಡುಗನ ಮನೆಗೆ ಹೋಗಿ ತಾಯಿತಂದೆಯರ ವಿಶ್ವಾಸ ಗಳಿಸಬೇಕು. ಹುಡುಗರಿಗೆ ಐದು ನಕ್ಷತ್ರದವರೆಗೆ ದರ್ಜೆ ಕೊಡುವ ಸಂಸ್ಥೆಗಳೇ ಅಲ್ಲಿವೆ. 2018ರ ಅಕ್ಟೋಬರಿನಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ನಮೂದಿಸುವ ವ್ಯವಸ್ಥೆ ಬಂತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಬಳಕೆಗೆ ಹಣ ಪಡೆಯಬಹುದೆಂದಾಯಿತು. ಇದರಿಂದ ಈ ಹುಡುಕಾಟ ವರ್ಷದ ಹನ್ನೆರಡು ತಿಂಗಳೂ ನಡೆಯುವ ಕೆಲಸವಾಯಿತು.

ಇದು ಸಣ್ಣ ವಿದ್ಯೆಯಲ್ಲ. ಒಳ್ಳೆಯ ಆಟಗಾರರಿಲ್ಲದೆ ಯಾವ ಚಾಣಕ್ಯನೂ ಪ್ರಶಸ್ತಿ ಗೆದ್ದಾನೆಂದು ಹೇಳಲಾಗದು. ಆದರೆ ಮದುವೆಯ ಅಡುಗೆಗೆ ಒಳ್ಳೆಯ ಅಕ್ಕಿ, ತುಪ್ಪ, ಗೋಡಂಬಿ ತಂದವನೇ ಹದವಾಗಿ ಬೇಯಿಸಬಲ್ಲ ಎಂಬ ಭರವಸೆ ಎಲ್ಲಿದೆ? ಸಾಮಗ್ರಿ ಕೂಡಿಸುವುದು ಒಂದು ಕಲೆ. ಒಲೆ ಹೊತ್ತಿಸಿದ ಮೇಲೆ ಸಮಯ ನೋಡಿ ಇಳಿಸುವುದು ಮತ್ತೊಂದು.

ಕೆಲವು ಉದಾಹರಣೆಗಳನ್ನು ನೋಡೋಣ. ಲೆಸ್ ಮೈಲ್ಸ್ ಎಂಬವರು ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದರು. 2007ರ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಅವರ ತಂಡದಲ್ಲಿ ಪ್ರತಿಭೆಗೆ ಬರವಿರಲಿಲ್ಲ. 2009ರ ನವೆಂಬರ್ 21ರಂದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿರುದ್ಧ ಅವರು 23–25ರಿಂದ ಹಿಂದಿದ್ದರು. ಒಂದು ಫೀಲ್ಡ್ ಗೋಲ್ ಹೊಡೆದಿದ್ದರೆ ಗೆಲುವು. ಕೊನೆಯ ಅರ್ಧ ನಿಮಿಷದಲ್ಲಿ ಕೈಯಲ್ಲಿ ಟೈಮ್‌ಔಟ್ ಇದ್ದರೂ ಅದನ್ನು ಕೇಳುವುದರೊಳಗೆ ಹದಿನೈದಕ್ಕೂ ಹೆಚ್ಚು ಸೆಕೆಂಡುಗಳು ಸೋರಿಹೋದವು. ಆ ಮೇಲೆ ಅದ್ಭುತವಾದ ಒಂದು ಉದ್ದನೆಯ ಎಸೆತದಿಂದ ಚೆಂಡು ಗೆರೆಯ ಹತ್ತಿರಕ್ಕೆ ಬಂತು. ಆಗ ಉಳಿದದ್ದು ಒಂದೇ ಸೆಕೆಂಡು. ಫೀಲ್ಡ್ ಗೋಲ್ ಹೊಡೆಯುವವರು ಅಂಗಳಕ್ಕೆ ಬರುವಷ್ಟು ಸಮಯವಿರಲಿಲ್ಲ. ಆಟಗಾರ ಗಡಿಯಾರ ನಿಲ್ಲಿಸಲೆಂದು ಚೆಂಡನ್ನು ನೆಲಕ್ಕೆ ಹೊಡೆದ. ಅಷ್ಟರಲ್ಲಿ ಪಂದ್ಯವೇ ಮುಗಿದಿತ್ತು.

ಮರುವರ್ಷ, 2010ರಲ್ಲಿ, ಟೆನೆಸಿ ವಿರುದ್ಧವೂ ಕೊನೆಯ ಕ್ಷಣ ಅವರ ತಂಡ ಗೊಂದಲದಲ್ಲಿ ಮುಳುಗಿತು. ಆದರೆ ಎದುರಾಳಿ ತಂಡ ಇನ್ನೂ ದೊಡ್ಡ ಗೊಂದಲದಲ್ಲಿ ಹನ್ನೊಂದರ ಬದಲು 13 ಮಂದಿಯನ್ನು ಅಂಗಳದಲ್ಲಿ ನಿಲ್ಲಿಸಿತ್ತು! ಆ ತಪ್ಪಿಗಾಗಿ ಇನ್ನೊಂದು ಅವಕಾಶ ಸಿಕ್ಕಿ ಮೈಲ್ಸ್ ತಂಡ 16–14ರಿಂದ ಗೆದ್ದಿತು. ಅದೃಷ್ಟ ಒಮ್ಮೆ ಕಾಪಾಡಬಹುದು. ಎಲ್ಲ ಸಲವೂ ಕಾಪಾಡುವುದಿಲ್ಲ. 2016ರ ಸೆಪ್ಟೆಂಬರ್ 24ರಂದು ಆಬರ್ನ್ ವಿರುದ್ಧ 13–18ರಿಂದ ಹಿಂದಿದ್ದಾಗ ಕೊನೆಯ ಎಸೆತ ಟಚ್‌ಡೌನ್ ಆಯಿತೆಂದು ತಂಡ ಕುಣಿಯಿತು. ಆದರೆ ಆ ಆಟದುಂಡು ಆರಂಭವಾಗುವ ಮೊದಲೇ ಗಡಿಯಾರ ಸೊನ್ನೆ ಮುಟ್ಟಿತ್ತೆಂದು ಪರಿಶೀಲನೆಯಲ್ಲಿ ತಿಳಿಯಿತು. ಅಂಕ ರದ್ದಾಯಿತು. ಮರುದಿನವೇ ಮೈಲ್ಸ್ ಕೆಲಸ ಕಳೆದುಕೊಂಡರು.

ರಾನ್ ಝೂಕ್ ಅವರ ಕಥೆ ಇನ್ನೂ ಮನಕಲಕುವಂಥದು. ಅವರು 2002ರಿಂದ 2004ರವರೆಗೆ ಫ್ಲಾರಿಡ ವಿಶ್ವವಿದ್ಯಾಲಯದಲ್ಲಿದ್ದರು. ಒಳ್ಳೊಳ್ಳೆಯ ಹುಡುಗರನ್ನು ತಂದರು, ಆದರೆ ಗೆಲ್ಲಬೇಕಾದ ಪಂದ್ಯಗಳನ್ನು ಸೋತರು. 2004ರ ಅಕ್ಟೋಬರಿನಲ್ಲಿ ಅವರನ್ನು ತೆಗೆದುಹಾಕುವ ನಿರ್ಧಾರವಾಯಿತು. ಅನಂತರ ಬಂದ ಅರ್ಬನ್ ಮೇಯರ್ 2006ರ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಆ ತಂಡದ ಅನೇಕ ಪ್ರಮುಖ ಆಟಗಾರರು ಝೂಕ್ ಆರಿಸಿ ತಂದಿದ್ದವರೇ. ಒಬ್ಬರು ಬಿತ್ತಿದರು, ಇನ್ನೊಬ್ಬರು ಒಕ್ಕಣೆ ಮಾಡಿದರು. ಇನ್ನೊಂದೆಡೆ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಿಂಬೊ ಫಿಶರ್ 2022ರಲ್ಲಿ ಸೇರಿಸಿಕೊಂಡ ಹೊಸ ಆಟಗಾರರ ಗುಂಪನ್ನು ದೇಶಕ್ಕೇ ಮೊದಲನೆಯದೆಂದು ಗಣಿಸಿದರು. ಅದೇ ವರ್ಷ ಅವರ ತಂಡ 5 ಪಂದ್ಯ ಗೆದ್ದು 7 ಸೋತಿತು. 2023ರ ನವೆಂಬರಿನಲ್ಲಿ ಅವರನ್ನು ಬಿಡಿಸಿ ಕಳುಹಿಸಲು ವಿಶ್ವವಿದ್ಯಾಲಯ ಕರಾರಿನ ಪ್ರಕಾರ 7.5 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಬೇಕಾಯಿತು.

ಇಂಥ ಕಥೆಗಳನ್ನು ಕೇಳಿದಾಗ, ಒಳ್ಳೆಯವರನ್ನು ಕೂಡಿಸಬಲ್ಲವನಿಗೆ ಆಟ ನಡೆಸಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ನಾವು ಬಂದುಬಿಡುತ್ತೇವೆ. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಿ ಎನ್ನುತ್ತೇನೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 100 ಮಂದಿ ತರಬೇತುದಾರರಿದ್ದಾರೆ ಎನ್ನಿ. ಅವರಲ್ಲಿ 50 ಮಂದಿ ಆಟಗಾರರನ್ನು ಕೂಡಿಸುವುದರಲ್ಲಿ ನಿಪುಣರು. ಹಾಗೆಯೇ 50 ಮಂದಿ ಆಟ ನಡೆಸುವುದರಲ್ಲಿ ನಿಪುಣರು. ಈ ಎರಡು ಗುಣಗಳಿಗೆ ಒಂದಕ್ಕೊಂದು ಏನೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ಆಗ 25 ಮಂದಿಗೆ ಎರಡೂ ಬರುತ್ತವೆ, 25 ಮಂದಿಗೆ ಕೂಡಿಸುವುದು ಮಾತ್ರ, 25 ಮಂದಿಗೆ ನಡೆಸುವುದು ಮಾತ್ರ, ಇನ್ನುಳಿದ 25 ಮಂದಿಗೆ ಎರಡೂ ಬರುವುದಿಲ್ಲ. ಎರಡೂ ಬಾರದವರು ಬೇಗ ಕೆಲಸ ಕಳೆದುಕೊಂಡು ಕಣ್ಮರೆಯಾಗುತ್ತಾರೆ. ದೂರದರ್ಶನದ ಪರದೆಯ ಮೇಲೆ ನಮಗೆ ಕಾಣುವವರು ಉಳಿದ 75 ಮಂದಿ ಮಾತ್ರ. ಇವರಲ್ಲಿ ಕೂಡಿಸುವ ನಿಪುಣರು 50. ಅವರ ಪೈಕಿ ಆಟ ನಡೆಸಬಲ್ಲವರು 25, ಅಂದರೆ ಅರ್ಧ. ಕೂಡಿಸಲು ಬಾರದವರು 25. ಅವರೆಲ್ಲರೂ ಆಟ ನಡೆಸಬಲ್ಲವರೇ! ಈಗ ನೋಡಿದವರಿಗೆ, ಕೂಡಿಸುವ ಗುಣವೇ ನಡೆಸುವ ಗುಣವನ್ನು ಕೆಡಿಸಿತೇನೋ ಎಂದು ತೋರುತ್ತದೆ. ನಾವು ಆರಂಭಿಸಿದ್ದೇ ಎರಡಕ್ಕೂ ಸಂಬಂಧವಿಲ್ಲ ಎಂಬಲ್ಲಿಂದ. ಜೋಸೆಫ್ ಬರ್ಕ್‌ಸನ್ ಎಂಬ ಅಮೆರಿಕದ ವೈದ್ಯ ಮತ್ತು ಸಂಖ್ಯಾಶಾಸ್ತ್ರಜ್ಞ 1946ರಲ್ಲಿ ಆಸ್ಪತ್ರೆಯ ಅಂಕಿಅಂಶಗಳನ್ನು ಕುರಿತು ಬರೆಯುತ್ತ ಇಂಥ ಭ್ರಮೆಯನ್ನು ತೋರಿಸಿಕೊಟ್ಟರು. ಕಣ್ಣಿಗೆ ಬೀಳುವವರನ್ನು ಮಾತ್ರ ಎಣಿಸಿದರೆ ಇಲ್ಲದ ಸಂಬಂಧವೂ ಕಾಣುತ್ತದೆ.

ಆದ್ದರಿಂದ ಪ್ರತಿಭೆ ಕೂಡಿಸುವವನು ಮಂದಬುದ್ಧಿಯವನೆಂದು ಹೇಳುವುದು ಅನ್ಯಾಯ. ನಿಜವಾದ ಮಾತು ಇಷ್ಟೆ: ಒಂದು ಗುಣ ಇದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ಕಲಿಯಲು ಏಕೆ ಕಷ್ಟ? ಎರಡು ಕಾರಣ ನನಗೆ ತೋರುತ್ತವೆ. ಮೊದಲನೆಯದು ಅಭ್ಯಾಸದ ಕೊರತೆ. ಆಟಗಾರರನ್ನು ಹುಡುಕುವ ಕೆಲಸ ದಿನವೂ ಇರುತ್ತದೆ. ದಿನವೂ ಮಾಡಿದ ಕೆಲಸ ಕೈಗೆ ಹತ್ತುತ್ತದೆ. ಆದರೆ ವರ್ಷಕ್ಕೆ ಸಾಮಾನ್ಯವಾಗಿ 12 ಪಂದ್ಯಗಳು. ಅವುಗಳಲ್ಲಿ ಕೊನೆಯ ನಿಮಿಷದವರೆಗೆ ತೂಗಾಡುವವು ಮೂರೋ ನಾಲ್ಕೋ. ಎರಡನೆಯ ಕಾರಣ ವಿಚಿತ್ರವಾದದ್ದು. ಪ್ರತಿಭೆಯೇ ತಪ್ಪನ್ನು ಮುಚ್ಚುತ್ತದೆ. ಎದುರಾಳಿಗಿಂತ ಬಹಳ ಬಲಿಷ್ಠ ಹುಡುಗರಿದ್ದರೆ 30 ಅಂಕಗಳ ಅಂತರದಿಂದ ಗೆಲ್ಲುತ್ತೀರಿ. ಟೈಮ್‌ಔಟನ್ನು ವ್ಯರ್ಥ ಮಾಡಿದರೂ ಯಾರೂ ಗಮನಿಸುವುದಿಲ್ಲ. ತರಗತಿಯಲ್ಲಿ ಚುರುಕಾಗಿರುವ ಹುಡುಗ ಕಿರುಪರೀಕ್ಷೆಗಳಲ್ಲಿ ಬೇಗ ಬರೆದು ಮುಗಿಸಿ, ಸಮಯದ ಲೆಕ್ಕವನ್ನೇ ಕಲಿಯದೆ, ದೊಡ್ಡ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲವೆ? ಅದೇ ರೀತಿ.

ಹಾಗಾದರೆ ಮದ್ದು ಏನು? ಅದು ಬಹಳ ಹಿಂದೆಯೇ ಸಿದ್ಧವಾಗಿತ್ತು. 1978ರ ನವೆಂಬರ್ 19ರಂದು ವೃತ್ತಿಪರ ಲೀಗಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಫಿಲಡೆಲ್ಫಿಯ ಈಗಲ್ಸ್ ವಿರುದ್ಧ 17–12ರಿಂದ ಮುಂದಿತ್ತು. ಉಳಿದದ್ದು ಕೆಲವೇ ಸೆಕೆಂಡು. ಎದುರಾಳಿಯ ಬಳಿ ಟೈಮ್‌ಔಟ್ ಇರಲಿಲ್ಲ. ಆದರೂ ಚೆಂಡನ್ನು ಇನ್ನೊಬ್ಬನ ಕೈಗೆ ದಾಟಿಸಹೋಗಿ ಬೀಳಿಸಿದರು. ಹರ್ಮನ್ ಎಡ್ವರ್ಡ್ಸ್ ಎಂಬ ಈಗಲ್ಸ್ ಆಟಗಾರ ಅದನ್ನೆತ್ತಿಕೊಂಡು ಓಡಿ ತಂಡವನ್ನು 19–17ರಿಂದ ಗೆಲ್ಲಿಸಿದ. ಆ ಆಟವನ್ನು ಸೂಚಿಸಿದ ಜೈಂಟ್ಸ್ ಸಹತರಬೇತುದಾರ ಮರುದಿನವೇ ಕೆಲಸ ಕಳೆದುಕೊಂಡರು. ಆ ಸೋಲಿನ ಪಾಠದಿಂದಲೇ, ಚೆಂಡಿನ ಸುತ್ತ ರಕ್ಷಕರನ್ನು ನಿಲ್ಲಿಸಿ ಮಂಡಿಯೂರುವ ಕ್ರಮ ಎಲ್ಲೆಡೆ ಹಬ್ಬಿತು. ಅದಕ್ಕೆ 'ವಿಜಯವ್ಯೂಹ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ಲೆಕ್ಕ ಬಲ್ಲವರೂ ಆಟಕ್ಕೆ ನೆರವಾಗಿದ್ದಾರೆ. 1971ರಲ್ಲಿ ವರ್ಜಿಲ್ ಕಾರ್ಟರ್ ಎಂಬ ವೃತ್ತಿಪರ ಆಟಗಾರ, ರಾಬರ್ಟ್ ಮ್ಯಾಕೊಲ್ ಎಂಬ ಪ್ರಾಧ್ಯಾಪಕರೊಡನೆ ಸೇರಿ ಒಂದು ಸಂಶೋಧನ ಲೇಖನ ಪ್ರಕಟಿಸಿದರು. ಅಂಗಳದ ಯಾವ ಜಾಗದಲ್ಲಿ ಚೆಂಡಿದ್ದರೆ ಸರಾಸರಿ ಎಷ್ಟು ಅಂಕ ನಿರೀಕ್ಷಿಸಬಹುದು ಎಂಬ ಲೆಕ್ಕ ಅದರಲ್ಲಿತ್ತು. ಸುಮಾರು ಅದೇ ಕಾಲದಲ್ಲಿ ಡಿಕ್ ವರ್ಮೀಲ್ ಎಂಬ ಯುವ ಸಹತರಬೇತುದಾರ, ಟಚ್‌ಡೌನ್ ಆದ ಮೇಲೆ ಒಂದು ಅಂಕಕ್ಕೆ ಪ್ರಯತ್ನಿಸಬೇಕೋ ಎರಡಕ್ಕೋ ಎಂಬುದನ್ನು ಅಂಕಗಳ ಅಂತರಕ್ಕನುಗುಣವಾಗಿ ಮೊದಲೇ ಬರೆದಿಡುವ ಪಟ್ಟಿಯನ್ನು ಸಿದ್ಧಪಡಿಸಿದರು. ಅಂಥ ಪಟ್ಟಿಯನ್ನು ತರಬೇತುದಾರರು ಇಂದಿಗೂ ಕೈಯಲ್ಲಿ ಹಿಡಿದಿರುತ್ತಾರೆ. 2006ರಲ್ಲಿ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್, ನಾಲ್ಕನೆಯ ಅವಕಾಶದಲ್ಲಿ ವೃತ್ತಿಪರ ತಂಡಗಳು ಧೈರ್ಯವಾಗಿ ಮುನ್ನುಗ್ಗಬೇಕಾದಲ್ಲಿ ಚೆಂಡನ್ನು ಒದ್ದುಬಿಡುತ್ತವೆ ಎಂದು ಲೆಕ್ಕಹಾಕಿ ತೋರಿಸಿದರು.

ಈ ಎಲ್ಲದರ ತಿರುಳು ಒಂದೇ. ಸಾವಿರಾರು ಜನ ಕಿರುಚುತ್ತಿರುವಾಗ, ಎದೆ ಡವಡವ ಎನ್ನುತ್ತಿರುವಾಗ, ಬುದ್ಧಿ ಹೊಸದಾಗಿ ಲೆಕ್ಕ ಮಾಡುವುದಿಲ್ಲ. ಅದು ಅಭ್ಯಾಸವಾದದ್ದನ್ನೇ ಮಾಡುತ್ತದೆ. ಓಡುವುದು ಅಭ್ಯಾಸವಾಗಿದ್ದರೆ ಓಡುತ್ತದೆ. ಆದ್ದರಿಂದ ಲೆಕ್ಕವನ್ನು ತಂಪು ತಲೆಯಿಂದ, ವಾರದ ನಡುವೆ, ಮೇಜಿನ ಮುಂದೆ ಕುಳಿತು ಮಾಡಿಡಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಲಾಗದು.

ಇದು ನನಗೂ ಸೋತ ಮೇಲೆಯೇ ತಿಳಿದದ್ದು. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳಿಗಾಗಿ ಅರ್ಧ ಗಂಟೆಯ ಒಂದು ನೇರಪ್ರಸಾರದ ವಿಜ್ಞಾನ ಕಾರ್ಯಕ್ರಮ ಮಾಡಿದೆ. ನಾಲ್ಕು ಮಂದಿ ಹೆಸರಾಂತ ತಜ್ಞರನ್ನು ಒಪ್ಪಿಸಲು ಎರಡು ತಿಂಗಳು ಓಡಾಡಿದ್ದೆ. ಅಂಥ ನಾಲ್ವರನ್ನು ಒಂದೇ ಮೇಜಿನ ಸುತ್ತ ಕೂರಿಸಿದೆನಲ್ಲಾ ಎಂಬ ಹೆಮ್ಮೆಯಲ್ಲಿ, ಯಾರಿಗೆ ಎಷ್ಟು ನಿಮಿಷ ಎಂಬ ಪಟ್ಟಿಯನ್ನೇ ಬರೆಯಲಿಲ್ಲ. ಪರಿಚಯ ಮತ್ತು ಮೊದಲ ತಜ್ಞರ ಮಾತಿಗೇ 14 ನಿಮಿಷ ಹೋಯಿತು. ಕೊನೆಯವರಿಗೆ ಸಿಕ್ಕಿದ್ದು ಒಂದೂವರೆ ನಿಮಿಷ. ದೂರವಾಣಿಯಲ್ಲಿ ಬಹಳ ಹೊತ್ತಿನಿಂದ ಕಾಯುತ್ತಿದ್ದ ಹುಡುಗಿಯೊಬ್ಬಳು ಪ್ರಶ್ನೆ ಆರಂಭಿಸಿದಳು. ಅವಳ ವಾಕ್ಯ ಮುಗಿಯುವ ಮೊದಲೇ ಸಮಯ ಮುಗಿದು ಕಾರ್ಯಕ್ರಮ ಕಡಿದುಹೋಯಿತು. ಅವಳು ಕೇಳಬೇಕೆಂದಿದ್ದದ್ದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ವೀಕ್ಷಕರ ಪತ್ರಗಳು ಬಂದವು. ಬೈಗುಳವೆಲ್ಲ ನಿರೂಪಕಿಯ ಮೇಲೆ. ಆಕೆ ಹೊಸಬಳು, ಪದವಿ ಮುಗಿಸಿ ವರ್ಷವೂ ಆಗಿರಲಿಲ್ಲ. ಪರದೆಯ ಮೇಲೆ ಕಂಡವಳು ಆಕೆ. ಕಾಣದೆ ಹಿಂದೆ ಕುಳಿತಿದ್ದವನು ನಾನು. ಮಯಾಮಿಯ ಹುಡುಗನ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹುಡುಗಿ ಪತ್ರಗಳನ್ನು ಓದಿ ಮಡಚಿಟ್ಟ ರೀತಿ. ನಾಯಕನ ಲೆಕ್ಕ ತಪ್ಪಿದರೆ ದಂಡ ಕಟ್ಟುವವರು ಕಿರಿಯರು. ಅಂದಿನಿಂದ, ಎರಡು ನಿಮಿಷದ ಸಂದರ್ಶನವಿದ್ದರೂ ನಿಮಿಷಗಳ ಪಟ್ಟಿ ಬರೆಯದೆ ನಾನು ಸ್ಟುಡಿಯೊದೊಳಗೆ ಕಾಲಿಟ್ಟಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸೋತದ್ದೆಲ್ಲ ತಪ್ಪು ನಿರ್ಧಾರವಲ್ಲ, ಗೆದ್ದದ್ದೆಲ್ಲ ಸರಿಯಾದದ್ದೂ ಅಲ್ಲ. ಆಟಗಾರರನ್ನು ಕೂಡಿಸುವುದರಲ್ಲೂ ಆಟ ನಡೆಸುವುದರಲ್ಲೂ ಹೆಸರಾದವರು ನಿಕ್ ಸೇಬನ್. 7 ರಾಷ್ಟ್ರೀಯ ಪ್ರಶಸ್ತಿ ಗೆದ್ದು 2024ರ ಜನವರಿಯಲ್ಲಿ ನಿವೃತ್ತರಾದರು. 2013ರ ನವೆಂಬರ್ 30ರಂದು ಅವರ ಅಲಬಾಮ ತಂಡ ಆಬರ್ನ್ ಎದುರು 28–28ರಲ್ಲಿ ನಿಂತಿತ್ತು. ಒಂದು ಸೆಕೆಂಡು ಉಳಿದಿತ್ತು. 57 ಗಜ ದೂರದಿಂದ ಫೀಲ್ಡ್ ಗೋಲ್‌ಗೆ ಪ್ರಯತ್ನಿಸಿದರು. ಚೆಂಡು ಕಂಬ ಮುಟ್ಟಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಇಡೀ ಅಂಗಳವನ್ನು ಓಡಿ ದಾಟಿ ಪಂದ್ಯ ಗೆಲ್ಲಿಸಿದ. ಇಲ್ಲಿ ಲಾಭದ ಆಸೆಯಿತ್ತು, ಅಪಾಯವೂ ಇತ್ತು. ತೂಗಿ ನೋಡಿದ ನಿರ್ಧಾರ ಅದು. ಮಯಾಮಿಯ ಓಟದಲ್ಲಿ ಅಪಾಯ ಮಾತ್ರ ಇತ್ತು, ಗಳಿಸಲು ಏನೂ ಇರಲಿಲ್ಲ. ಈ ವ್ಯತ್ಯಾಸವನ್ನು ಗುರುತಿಸಿದವನು ಫಲಿತಾಂಶ ನೋಡಿ ತೀರ್ಪು ಕೊಡುವುದನ್ನು ಬಿಡುತ್ತಾನೆ.

ಕ್ರಿಸ್ಟೊಬಾಲ್ ಅವರ ಕಥೆ 2023ಕ್ಕೆ ಮುಗಿಯಲಿಲ್ಲ. ನಗೆಪಾಟಲಿಗೆ ಗುರಿಯಾದರೂ ಅವರು ಕೆಲಸ ಬಿಡಲಿಲ್ಲ. 2025ರ ಋತುವಿನಲ್ಲಿ ಅವರ ಮಯಾಮಿ ತಂಡ ಒಂದೊಂದೇ ಸುತ್ತು ದಾಟಿತು. 2026ರ ಜನವರಿ 8ರ ಉಪಾಂತ್ಯ ಪಂದ್ಯದಲ್ಲಿ ಮಿಸಿಸಿಪ್ಪಿ ತಂಡವನ್ನು 31–27ರಿಂದ ಸೋಲಿಸಿತು. ಗೆಲುವಿನ ಟಚ್‌ಡೌನ್ ಬಂದದ್ದು ಅರ್ಧ ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದಾಗ! ಜನವರಿ 19ರಂದು ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಂದ್ಯ ನಡೆಯಿತು, ಅದೇ ಹಾರ್ಡ್ ರಾಕ್ ಕ್ರೀಡಾಂಗಣದಲ್ಲಿ. ಅಲ್ಲಿ ಇಂಡಿಯಾನ ತಂಡಕ್ಕೆ 27–21ರಿಂದ ಮಯಾಮಿ ಸೋತಿತು. ಪ್ರಶಸ್ತಿ ಸಿಗಲಿಲ್ಲ. ಆದರೆ ಮಂಡಿಯೂರಲು ಮರೆತವನು ಎಂದು ಜನ ಹೀಯಾಳಿಸಿದ ಮನುಷ್ಯ ಎರಡೂಕಾಲು ವರ್ಷಗಳ ಅನಂತರ ದೇಶದ ಕೊನೆಯ ಎರಡು ತಂಡಗಳಲ್ಲಿ ಒಂದನ್ನು ನಡೆಸುತ್ತ ಅಲ್ಲೇ ನಿಂತಿದ್ದರು. ಕಲಿಯದವನೆಂದು ಯಾರ ಹಣೆಯ ಮೇಲೂ ಶಾಶ್ವತವಾಗಿ ಬರೆಯಬೇಡಿ. ನಿಮ್ಮ ಹಣೆಯ ಮೇಲಂತೂ ಬರೆದುಕೊಳ್ಳಲೇಬೇಡಿ.

ಮಿತ್ರರೆ, ನೀವೂ ಕೂಡಿಸುವವರೇ. ಟಿಪ್ಪಣಿ ಕೂಡಿಸುತ್ತೀರಿ, ಹಳೆಯ ಪ್ರಶ್ನೆಪತ್ರಿಕೆ ಕೂಡಿಸುತ್ತೀರಿ, ಒಳ್ಳೆಯ ಪುಸ್ತಕ ಕೂಡಿಸುತ್ತೀರಿ. ಆದರೆ ಮೂರು ಗಂಟೆ ಎಂದರೆ 180 ನಿಮಿಷ ಎಂಬ ಲೆಕ್ಕವನ್ನು ಮನೆಯಲ್ಲೇ ಮಾಡಿದ್ದೀರಾ? ಯಾವ ಪ್ರಶ್ನೆಗೆ ಎಷ್ಟು ನಿಮಿಷ, ಎಲ್ಲಿಗೆ ಬಂದಾಗ ಮುಂದಿನದಕ್ಕೆ ಹೋಗಬೇಕು, ಕೊನೆಯ ಹತ್ತು ನಿಮಿಷ ಯಾವುದಕ್ಕೆ ಎಂದು ಬರೆದುಕೊಂಡಿದ್ದೀರಾ? ನಾಳೆ ನೀವೇ ಕಾಲೇಜಿನ ನಾಟಕಕ್ಕೋ ಕ್ರೀಡಾ ತಂಡಕ್ಕೋ ನಾಯಕರಾಗಬಹುದು. ಒಳ್ಳೆಯವರನ್ನು ಕರೆತರುವುದರಲ್ಲಿ ಶ್ರಮವಿದೆ, ಅದನ್ನು ಮಾಡಿ. ಅದರೊಡನೆ, ನಿಮ್ಮನ್ನು ನಂಬಿ ಬಂದವರ ಕೈಗೆ ಅನಗತ್ಯವಾದ ಅಪಾಯವನ್ನು ಕೊಡದಿರುವ ಹೊಣೆಯೂ ನಿಮ್ಮದೇ.

ಇಂದು ರಾತ್ರಿ ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಮುಂದಿನ ಪರೀಕ್ಷೆಯ ಅಥವಾ ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ಏನು ಮಾಡುವಿರಿ ಎಂಬುದನ್ನು ಈಗಲೇ ಬರೆದಿಡಿ. ಗಡಿಯಾರ ಓಡಲು ಆರಂಭಿಸಿದ ಮೇಲೆ ಆ ಹಾಳೆ ನಿಮ್ಮ ನೆರವಿಗೆ ಬರುತ್ತದೆ.